ಸರ್ವೆ ಕಲ್ಲು ನೆಟ್ಟ ದಿನವೇ ನೋಟ್‌ಬುಕ್ ತೆಗೆಯಿರಿ

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಜೀಪಿನಲ್ಲಿ ಇಬ್ಬರು ಹುಡುಗರು ನಮ್ಮ ಊರಿಗೆ ಬಂದರು. ಮೂಡಿಗೆರೆ ಮತ್ತು ಸಕಲೇಶಪುರದ ನಡುವಿನ ಊರು ನಮ್ಮದು. ಅಲ್ಲೊಂದು ಯೋಜನೆ ಬರುತ್ತದೆ ಅನ್ನುವ ಸುದ್ದಿ ಆಗಲೇ ಹಬ್ಬಿತ್ತು. ಯಾವ ಯೋಜನೆ ಅನ್ನುವುದು ಈಗ ಬೇಡ. ಬಂದವರು ಪಕ್ಕದ ತೋಟದ ಹಿರಿಯರ ಜಗಲಿಯಲ್ಲಿ ಕೂತು ಕಾಫಿ ಕುಡಿದರು. "ಇಲ್ಲಿ ಕಾಡುಪ್ರಾಣಿ ಏನಾದ್ರೂ ಇದಾವಾ ಸರ್?" ಅಂತ ಕೇಳಿದರು. "ಹಂದಿ ಕಾಟ ಜಾಸ್ತಿ ಮಾರಾಯ್ರೆ. ಮಂಗನ ಕಾಟವಂತೂ ಕೇಳ್ಬೇಡಿ" ಅಂದರು ಹಿರಿಯರು. ಹುಡುಗರು ಬರೆದುಕೊಂಡು ಹೋದರು.

ಮುಂದೆ ವರದಿ ಬಂತು. ಅದರಲ್ಲಿ ಕಾಡುಹಂದಿ ಇತ್ತು, ಮಂಗ ಇತ್ತು, ಮೊಲವೂ ಇತ್ತು. ಕೊನೆಗೊಂದು ಸಾಲು: ಅಪಾಯದಂಚಿನ ಯಾವುದೇ ಜೀವಿ ಅಧ್ಯಯನದ ಅವಧಿಯಲ್ಲಿ ಕಂಡುಬಂದಿಲ್ಲ.

ಅದು ಸುಳ್ಳಲ್ಲ. ಮಾರ್ಚ್‌ನಲ್ಲಿ ಹಳ್ಳ ಬತ್ತಿರುತ್ತದೆ, ಕಪ್ಪೆ ಕಲ್ಲಿನ ಸಂದಿಯಲ್ಲಿರುತ್ತದೆ. ಆನೆಗಳು ಆ ದಾರಿಯಲ್ಲಿ ಬರುವುದು ಹಲಸು ಹಣ್ಣಾದಾಗ, ಇಲ್ಲವೇ ಭತ್ತ ತೆನೆ ಬಿಟ್ಟಾಗ. ಮಧ್ಯಾಹ್ನ ಎರಡು ಗಂಟೆಗೆ ಯಾವ ನೀರುನಾಯಿ ತಾನೇ ಎದುರಿಗೆ ಬಂದು ನಿಲ್ಲುತ್ತದೆ? ಅವರಿಗೆ ಕಂಡಿಲ್ಲ, ಅಷ್ಟೇ. ಆದರೆ ಫೈಲು ಮೇಲಿನ ಮೇಜಿಗೆ ಹೋಗುವಷ್ಟರಲ್ಲಿ "ಕಂಡಿಲ್ಲ" ಅನ್ನುವುದು "ಇಲ್ಲ" ಆಗಿರುತ್ತದೆ.

ಈ ಎರಡು ಮಾತಿನ ನಡುವಿನ ಜಾಗ ತುಂಬಬೇಕಾದವರು ಅಲ್ಲೇ ವಾಸ ಮಾಡುವ ನಾವು. ಅದಕ್ಕೆ ಡಿಗ್ರಿ ಬೇಡ. ನೂರು ಪುಟದ ನೋಟ್‌ಬುಕ್, ಮೊಬೈಲು, ಅಳತೆ ಟೇಪು ಮತ್ತು ಒಂದು ವರ್ಷದ ತಾಳ್ಮೆ ಬೇಕು. ಹೇಗೆ ಮಾಡುವುದು ಅಂತ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಅರ್ಧ ತಪ್ಪು ಮಾಡಿಯೇ ಕಲಿತದ್ದು.

ಮೊದಲು: ಇದಕ್ಕೆ ಯಾವ ಅನುಮತಿ ಬೇಕು?

ಯೋಜನೆ ಅಂದ ಕೂಡಲೇ "ಪರಿಸರ ಅನುಮತಿ ತಗೊಂಡಿದ್ದಾರಾ?" ಅಂತ ಕೇಳುತ್ತೇವೆ. ಎಷ್ಟೋ ಸಲ ಅದು ಬೇಕಾಗಿಯೇ ಇರುವುದಿಲ್ಲ. ಇದು ಗೊತ್ತಿಲ್ಲದೆ ತಿಂಗಳುಗಟ್ಟಲೆ ತಪ್ಪು ಕಚೇರಿಯ ಮೆಟ್ಟಿಲು ಹತ್ತಿದವರನ್ನು ನೋಡಿದ್ದೇನೆ.

2006ರ ಸೆಪ್ಟೆಂಬರ್ 14ರ ಕೇಂದ್ರ ಅಧಿಸೂಚನೆಯಲ್ಲಿ ಯಾವ ಯೋಜನೆಗೆ ಪರಿಸರ ಪರಿಣಾಮದ ಅಧ್ಯಯನ ಬೇಕು ಅನ್ನುವ ಪಟ್ಟಿ ಇದೆ. ದೊಡ್ಡ ಜಲವಿದ್ಯುತ್ ಯೋಜನೆಯಾದರೆ ದೆಹಲಿಯಲ್ಲಿ ತೀರ್ಮಾನ. ಅದಕ್ಕಿಂತ ಚಿಕ್ಕದು, ಆದರೆ 25 ಮೆಗಾವ್ಯಾಟ್ ಅಥವಾ ಜಾಸ್ತಿ ಇದ್ದರೆ ಸಾಮಾನ್ಯವಾಗಿ ರಾಜ್ಯ ಮಟ್ಟದಲ್ಲಿ. 25ಕ್ಕಿಂತ ಕಡಿಮೆ ಇದ್ದರೆ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ಒಂದೇ ಹೊಳೆಯ ಮೇಲೆ 25ರ ಒಳಗಿನ ಎರಡು ಮೂರು ಯೋಜನೆ ಸಾಲಾಗಿ ಬಂದರೆ, ಅವುಗಳ ಪವರ್‌ಹೌಸ್, ರಸ್ತೆ, ಲೈನು ಒಂದೇನಾ ಬೇರೆಬೇರೆಯಾ ಅಂತ ಮೊದಲು ನೋಡಿ. ಗಾಳಿಯಂತ್ರ, ಸೋಲಾರ್ ಪಾರ್ಕು, ಹೈಟೆನ್ಷನ್ ಲೈನು ಇವಕ್ಕೂ ಈ ಅನುಮತಿ ಬೇಡ. ರಸ್ತೆ ಅಗಲ ಮಾಡುವುದರಲ್ಲೂ ಉದ್ದ ಮತ್ತು ಜಾಗದ ಲೆಕ್ಕದ ಮೇಲೆ ವಿನಾಯಿತಿ ಇದೆ.

ಎತ್ತಿನಹೊಳೆಯ ಉದಾಹರಣೆ ನಮ್ಮ ಕಣ್ಣೆದುರೇ ಇದೆ. ಸಕಲೇಶಪುರ ತಾಲೂಕಿನ ಪಶ್ಚಿಮಕ್ಕೆ ಹರಿಯುವ ಹಳ್ಳಗಳಿಂದ 24.01 ಟಿಎಂಸಿ ನೀರೆತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಒಯ್ಯುವ ಯೋಜನೆ. ಕುಡಿಯುವ ನೀರಿನದು ಅಂತ ಪರಿಗಣಿಸಿದ್ದರಿಂದ ಪರಿಸರ ಅನುಮತಿಯ ದಾರಿಗೆ ಅದು ಬರಲೇ ಇಲ್ಲ. ಅರಣ್ಯ ಜಾಗ ಬಳಸಿದ್ದಕ್ಕೆ ಮಾತ್ರ ಅನುಮತಿ ಬೇಕಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತಕ್ಕೆ ಚಾಲನೆಯೂ ಸಿಕ್ಕಿತು. ಪೈಪು, ರಸ್ತೆ, ಸ್ಫೋಟ, ಮಣ್ಣು ರಾಶಿ, ಹಳ್ಳಕ್ಕೆ ಅಡ್ಡ ಒಡ್ಡು ಎಲ್ಲವೂ ಇದ್ದ ಕೆಲಸವೇ ಅದು. ಯಾತಕ್ಕೆ ನೀರು ಅನ್ನುವುದು ಕಪ್ಪೆಗೆ ಮೀನಿಗೆ ಗೊತ್ತಾಗುವುದಿಲ್ಲ, ಅಲ್ವಾ?

ಪರಿಸರ ಅನುಮತಿ ಬೇಡ ಅಂದ ಮಾತ್ರಕ್ಕೆ ಕೈಚೆಲ್ಲಬೇಡಿ. ಇನ್ನೆರಡು ಬಾಗಿಲು ಇವೆ. ಅರಣ್ಯ ಜಾಗ ಒಂದು ಗುಂಟೆ ಸೇರಿದ್ದರೂ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬರುತ್ತದೆ. ಆ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಆಗಿ ಹೆಸರೂ ಬದಲಾಗಿದೆ, ಕೆಲವು ವಿನಾಯಿತಿಗಳೂ ಸೇರಿವೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗಿನ ಜಾಗವಾದರೆ 1972ರ ವನ್ಯಜೀವಿ ಕಾಯ್ದೆಯಡಿ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಮುಂದೆ ಹೋಗಬೇಕು. ಭದ್ರಾ ಹುಲಿ ಮೀಸಲು, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಸುತ್ತಮುತ್ತ ಇರುವವರು ಇದನ್ನು ಮೊದಲು ನೋಡಿ.

ಕಾಗದ ಹುಡುಕಲು ಕೇಂದ್ರದ ಪರಿವೇಶ್ ವೆಬ್‌ಸೈಟಿಗೆ ಹೋಗಿ, ರಾಜ್ಯ, ಜಿಲ್ಲೆ ಹಾಕಿ. ಅರ್ಜಿ, ನಕ್ಷೆ, ಸಭೆಯ ನಡಾವಳಿ ಅಲ್ಲಿ ಸಿಗುತ್ತವೆ. ಸಿಗದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ನಾನು ಮೊದಲ ಸಲ ಎರಡು ಪುಟ ಬರೆದು ಕೊಟ್ಟಿದ್ದೆ. ಹಾಗೇ ವಾಪಸ್ ಬಂತು. ಈಗ ಒಂದೇ ಸಾಲು ಬರೆಯುತ್ತೇನೆ: ಇಂಥ ಸರ್ವೆ ನಂಬರಿನ ಇಂಥ ಯೋಜನೆಗೆ ಸಂಬಂಧಿಸಿದ ಸ್ಥಳ ಪರಿಶೀಲನಾ ವರದಿಯ ಪ್ರತಿ ಕೊಡಿ.

ಯೋಜನೆಯ ಕಾಲು ಎಲ್ಲೆಲ್ಲಿ ಬೀಳುತ್ತದೆ

ಈಗ ನಕ್ಷೆ. ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು ತಿಳಿಯುತ್ತದೆ. ಯೋಜನೆಯ ಸರ್ವೆ ನಂಬರುಗಳನ್ನು ಹಾಳೆಯಲ್ಲಿ ಗುರುತು ಮಾಡಿ. ಅಲ್ಲಿಗೇ ನಿಲ್ಲಿಸಬೇಡಿ. ವರದಿ ಬರೆಯುವವರು ನೋಡುವುದು ಹೆಚ್ಚಾಗಿ ಕಟ್ಟಡ ಏಳುವ ಜಾಗವನ್ನು. ಪ್ರಾಣಿಗೆ ತೊಂದರೆ ಕೊಡುವುದು ಅದಕ್ಕೆ ಅಂಟಿಕೊಂಡು ಬರುವ ಬಾಲ. ಲಾರಿ ಓಡಾಡಲು ಹೊಸ ರಸ್ತೆ, ಕರೆಂಟು ಒಯ್ಯಲು ಕಂಬ, ಕಲ್ಲಿಗೆ ಕ್ವಾರಿ, ಅಗೆದ ಮಣ್ಣು ಸುರಿಯುವ ಜಾಗ, ಕೆಲಸಗಾರರ ಶೆಡ್ಡು, ರಾತ್ರಿಯ ಲೈಟು. ಇವನ್ನೆಲ್ಲ ಬೇರೆ ಬಣ್ಣದಲ್ಲಿ ಎಳೆಯಿರಿ. ಪುಟ್ಟ ಚೌಕವಾಗಿದ್ದದ್ದು ಜೇಡರ ಬಲೆಯಂತೆ ಹರಡುತ್ತದೆ.

ಹೇಮಾವತಿ ಕಥೆ ಹಾಸನದವರಿಗೆ ಹೊಸದಲ್ಲ. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯಿತು. ನೀರಲ್ಲಿ ಮುಳುಗಿದ ಜಾಗ ಒಂದು. ಮುಳುಗಡೆ ಆದವರಿಗೆ ಅಂತ ಬಿಟ್ಟುಕೊಟ್ಟ ಜಾಗ ಇನ್ನೊಂದು. ಇವತ್ತಿಗೂ ನಾವು ಎಚ್‌ಆರ್‌ಪಿ (ಹೇಮಾವತಿ ಜಲಾಶಯ ಯೋಜನೆ) ಭೂಮಿ ಅನ್ನುತ್ತೇವಲ್ಲ, ಅದೇ. ಅದರಲ್ಲಿ ಕಾಡೂ ಇತ್ತು. ಅಣೆಕಟ್ಟಿನ ಹೆಜ್ಜೆ ಎರಡು ಕಡೆ ಬಿತ್ತು. ಆಲೂರು, ಸಕಲೇಶಪುರದ ಆನೆಗಳು ತುಂಡುತುಂಡು ಕಾಡು, ಕಾಫಿ ತೋಟ, ಹಿನ್ನೀರಿನ ನಡುವೆ ಸುತ್ತುತ್ತಾ ಉಳಿದವು. 2012ರಲ್ಲಿ ಕರ್ನಾಟಕ ಆನೆ ಕಾರ್ಯಪಡೆ ಹೈಕೋರ್ಟಿಗೆ ಕೊಟ್ಟ ವರದಿ ಈ ಭಾಗದ ಬಗ್ಗೆ ಪ್ರತ್ಯೇಕವಾಗಿಯೇ ಬರೆಯಿತು. 2014ರಲ್ಲಿ ಇಲ್ಲಿಂದ 22 ಆನೆ ಹಿಡಿದು ಸಾಗಿಸಿದರು. ಆದರೂ ಸಂಜೆ ತೋಟದಿಂದ ಮನೆಗೆ ಹೋಗುವಾಗ ಆನೆ ಎಲ್ಲಿದೆ ಅಂತ ತಿಳಿಸುವ ಮೊಬೈಲ್ ಮೆಸೇಜು ನೋಡದೆ ಹೋಗುವ ಧೈರ್ಯ ನಮಗಿಲ್ಲ. ಹಾಗಾಗಿ ನಕ್ಷೆ ಬಿಡಿಸುವಾಗ, ಸ್ಥಳಾಂತರ ಆಗುವವರಿಗೆ ಜಾಗ ಎಲ್ಲಿ ಕೊಡುತ್ತಾರೆ, ಕಡಿದ ಮರಕ್ಕೆ ಬದಲು ಗಿಡ ಎಲ್ಲಿ ನೆಡುತ್ತಾರೆ, ಇವೆರಡನ್ನೂ ಹಾಕಿ. ಬದಲಿ ಗಿಡಗಳು ಹುಲ್ಲುಗಾವಲಿನಲ್ಲಿ ಬಿದ್ದರೆ ಅಲ್ಲಿನ ಪ್ರಾಣಿಗೆ ಅದು ಎರಡನೇ ಪೆಟ್ಟು.

ಈ ನಕ್ಷೆಯ ಮೇಲೆ ಕೊನೆಗೆ ಪ್ರಾಣಿಗಳ ದಾರಿ ಎಳೆಯಿರಿ. ಒಬ್ಬರೇ ಕೂತು ಎಳೆಯಬೇಡಿ. ದನ ಮೇಯಿಸುವವರು, ರಾತ್ರಿ ಗದ್ದೆ ಕಾಯುವವರು, ಮೀನು ಹಿಡಿಯುವವರು, ತೋಟದ ಲೈನಿನಲ್ಲಿರುವ (ಕೆಲಸಗಾರರ ಸಾಲುಮನೆಯ) ಹೆಂಗಸರು, ಇವರಿಗೆಲ್ಲ ನಕ್ಷೆ ತೋರಿಸಿ. ಕಾಫಿ ಕುಯ್ಯುವ ಅಕ್ಕ ಒಬ್ಬರು ನನಗೆ ಹೇಳಿದ್ದು: "ಅಣ್ಣ, ಆ ಮಾವಿನ ಮರದ್ ಕೆಳ್ಗೆ ಆನೆ ಇಳಿಯಲ್ಲ. ಅದರ್ ಪಕ್ಕದ ಬೇಲಿ ತೂತಲ್ಲೇ ಇಳಿಯೋದು. ಪ್ರತಿ ವರ್ಷ ಅಲ್ಲೇ." ಹತ್ತು ವರ್ಷದಿಂದ ಆ ತೋಟ ನೋಡುತ್ತಿದ್ದ ನನಗೆ ಅದು ಗೊತ್ತಿರಲಿಲ್ಲ.

ನೋಟ್‌ಬುಕ್

ಇದೇ ನಿಜವಾದ ಕೆಲಸ. ಎಷ್ಟೋ ಯೋಜನೆಗಳ ಅಧ್ಯಯನಕ್ಕೆ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಾಕಾಗುತ್ತದೆ. ಮಲೆನಾಡಿನಲ್ಲಿ ಮಳೆಗಾಲ ಬಿಡುವುದು ಅಂದರೆ ಮದುವೆ ಮನೆಗೆ ಹೋಗಿ ಊಟದ ಹೊತ್ತು ಬಿಟ್ಟು ಉಳಿದದ್ದೆಲ್ಲ ಬರೆದ ಹಾಗೆ.

ಮೂಡಿಗೆರೆ ಹತ್ತಿರದ ಕೊಟ್ಟಿಗೆಹಾರದ ಹೆಸರಲ್ಲೇ ಒಂದು ಕಪ್ಪೆ ಇದೆ, ಗೊತ್ತಾ? 1937ರಲ್ಲಿ ಸಿ. ಆರ್. ನಾರಾಯಣರಾವ್ ಅವರು ಅದನ್ನು ವಿಜ್ಞಾನಕ್ಕೆ ಪರಿಚಯಿಸಿದರು. ಹೆಬ್ಬೆರಳಿನ ಉದ್ದವೂ ಇಲ್ಲದ ಕುಣಿಯುವ ಕಪ್ಪೆ. ಹರಿಯುವ ಹಳ್ಳದ ಸದ್ದಿನಲ್ಲಿ ಕೂಗು ಕೇಳದು ಅಂತ ಗಂಡು ಹಿಂಗಾಲು ಚಾಚಿ, ಬೆರಳು ಅಗಲಿಸಿ ಬಾವುಟದ ಹಾಗೆ ಬೀಸುತ್ತದೆ. ಶಿರಾಡಿ ಘಾಟಿಯ ಕೆಳಗಿನ ಗುಂಡ್ಯದ ಹೆಸರಿನ ಕಪ್ಪೆಯೂ ಒಂದಿದೆ. ಇಂಥವನ್ನು ಬೇಸಿಗೆಯಲ್ಲಿ ಬಂದು ಹೋಗುವವರು ಎಲ್ಲಿ ನೋಡುತ್ತಾರೆ?

ಬರೆಯುವ ಕ್ರಮ ಸರಳ. ಪ್ರತಿ ಸಲವೂ ತಾರೀಕು, ಗಂಟೆ, ಜಾಗ, ಏನು, ಎಷ್ಟು, ಹೇಗೆ ಗೊತ್ತಾಯಿತು, ಯಾರು ನೋಡಿದ್ದು. ಜೊತೆಗೆ ಮಳೆ ಇತ್ತೋ ಇಲ್ಲವೋ. ಫೋಟೋದ ಮೇಲೇ ಅಕ್ಷಾಂಶ ರೇಖಾಂಶ ಬರುವ ಕ್ಯಾಮೆರಾ ಆ್ಯಪ್ ಹಾಕಿಕೊಳ್ಳಿ. ನನ್ನ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ:

"ಜುಲೈ 9. ಬೆಳಿಗ್ಗೆ 6.40. ಕೆಳಗಿನ ಹಳ್ಳ, ಮೋರಿಯಿಂದ ಮೇಲೆ ಮೂರನೇ ಬಂಡೆ. ಮಳೆ ನಿಂತಿದೆ. ಬಂಡೆ ಮೇಲೆ ಹಿಕ್ಕೆ, ಹಸಿ. ಕಡ್ಡಿಯಲ್ಲಿ ಬಿಡಿಸಿ ನೋಡಿದ್ದು. ಏಡಿ ಚಿಪ್ಪು, ಮೀನಿನ ಹುರುಪೆ. ನೀರುನಾಯಿ. ಪ್ರಾಣಿ ಕಾಣಲಿಲ್ಲ. ಫೋಟೋ 3, ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟು."

ಬೆಂಕಿಪೊಟ್ಟಣ ಯಾಕೆ ಅಂದರೆ ಗಾತ್ರ ಗೊತ್ತಾಗಲು. ಅಳತೆಗೆ ಏನೂ ಇಡದ ಫೋಟೋ ಕಸಕ್ಕೆ ಸಮ. "ಪ್ರಾಣಿ ಕಾಣಲಿಲ್ಲ" ಅಂತ ಬರೆದದ್ದನ್ನೂ ಗಮನಿಸಿ. ಕಂಡದ್ದನ್ನು ಕಂಡಷ್ಟೇ ಬರೆಯಬೇಕು.

ಆನೆ ಹೆಜ್ಜೆ ಸಿಕ್ಕರೆ ಮುಂಗಾಲಿನ ದುಂಡನೆಯ ಗುರುತು ಹುಡುಕಿ. ಬಾಳೆನಾರನ್ನು ಅದರ ಅಂಚಿನ ಸುತ್ತ ಇಟ್ಟು, ಆಮೇಲೆ ನಾರನ್ನು ಟೇಪಿನಲ್ಲಿ ಅಳೆಯಿರಿ. ಅದರ ಎರಡರಷ್ಟು ಹೆಚ್ಚುಕಡಿಮೆ ಆನೆಯ ಭುಜದ ಎತ್ತರ. ಸುತ್ತಳತೆ 125 ಸೆಂಟಿಮೀಟರ್ ಬಂದರೆ ಎತ್ತರ ಎರಡೂವರೆ ಮೀಟರ್. ದೊಡ್ಡ ಗುರುತುಗಳ ಜೊತೆ ಚಿಕ್ಕ ಗುರುತೂ ಇದ್ದರೆ ಮರಿ ಇರುವ ಗುಂಪು. ಒಂಟಿ ಸಲಗ ಒಮ್ಮೆ ದಾಟಿಹೋಗುವ ಜಾಗಕ್ಕೂ ಮರಿ ಕಟ್ಟಿಕೊಂಡ ಗುಂಪು ವರ್ಷ ವರ್ಷ ಬರುವ ಜಾಗಕ್ಕೂ ತುಂಬಾ ವ್ಯತ್ಯಾಸ. ಆದರೆ ಇದನ್ನು ಮಾಡುವುದು ಆನೆ ಹೋಗಿ ಬಹಳ ಹೊತ್ತಾದ ಮೇಲೆ, ಬೆಳಕಿನಲ್ಲಿ, ಇಬ್ಬರು ಇದ್ದಾಗ. ಹಸಿ ಲದ್ದಿ ಕಂಡರೆ ಸುಮ್ನೆ ವಾಪಸ್ ಬನ್ನಿ. ಯಾವ ನೋಟ್‌ಬುಕ್ಕೂ ಪ್ರಾಣಕ್ಕಿಂತ ದೊಡ್ಡದಲ್ಲ.

ಚಿರತೆ ಹೆಜ್ಜೆಗೂ ನಾಯಿ ಹೆಜ್ಜೆಗೂ ಗೊಂದಲ ಆಗುವುದು ಮಾಮೂಲು. ನಾಯಿಯದರಲ್ಲಿ ಸಾಮಾನ್ಯವಾಗಿ ಉಗುರಿನ ಗುರುತು ಇರುತ್ತದೆ, ಚಿರತೆಯದರಲ್ಲಿ ಇರುವುದಿಲ್ಲ.

ಹಕ್ಕಿಗೆ ಒಂದೇ ಜಾಗದಲ್ಲಿ, ಬೆಳಿಗ್ಗೆ ಒಂದೇ ಹೊತ್ತಿನಲ್ಲಿ ಹತ್ತು ನಿಮಿಷ ನಿಂತು ಎಣಿಸಿ. ತಿಂಗಳಿಗೆ ಎರಡು ಸಲ ಸಾಕು. ಕಪ್ಪೆಗೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಐದು ನಿಮಿಷ ಸದ್ದು ರೆಕಾರ್ಡ್ ಮಾಡಿ. ಹೆಸರು ಗೊತ್ತಾಗದಿದ್ದರೆ ಚಿಂತೆ ಬೇಡ. ಐನ್ಯಾಚುರಲಿಸ್ಟ್, ಇಬರ್ಡ್ ತರಹದ ವೆಬ್‌ಸೈಟಿಗೆ ಹಾಕಿದರೆ ಗೊತ್ತಿರುವವರು ಹೆಸರು ಹಾಕುತ್ತಾರೆ. ಅದಕ್ಕಿಂತ ಮುಖ್ಯ, ಅಲ್ಲಿ ತಾರೀಕು ಸಮೇತ ದಾಖಲೆ ಉಳಿಯುತ್ತದೆ. ಗೂಡು, ಗವಿ, ಮರಿ ಇರುವ ಜಾಗವನ್ನು ಮಾತ್ರ ನಿಖರವಾಗಿ ಹಾಕಬೇಡಿ. ಬೇಟೆಯವರೂ ಮೊಬೈಲ್ ಇಟ್ಟುಕೊಂಡಿದ್ದಾರೆ.

ಇನ್ನೊಂದು ಎಚ್ಚರಿಕೆ. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಹೋಗಬೇಡಿ, ಅಲ್ಲಿ ಕ್ಯಾಮೆರಾ ಕಟ್ಟಬೇಡಿ. ನಿಮ್ಮ ಮೇಲೇ ಕೇಸು ಬಿದ್ದರೆ ನಿಮ್ಮ ದಾಖಲೆಗೆ ಬೆಲೆ ಇರದು. ರಸ್ತೆ, ತೋಟ, ಗದ್ದೆ, ಊರ ಹಳ್ಳ ಇಷ್ಟರಲ್ಲೇ ಬೇಕಾದಷ್ಟು ಸಿಗುತ್ತದೆ.

ಹೊಳೆಗೆ ಅಡ್ಡ ಕಟ್ಟುವುದಾದರೆ

ಕಿರು ಜಲವಿದ್ಯುತ್ ಯೋಜನೆಯವರು "ನಾವು ನೀರು ಕುಡಿಯಲ್ಲ, ಮೇಲೆ ತಗೊಂಡು ಕೆಳಗೆ ಬಿಡ್ತೀವಿ" ಅನ್ನುತ್ತಾರೆ. ಮಾತು ಸರಿ. ಆದರೆ ಒಡ್ಡಿನಿಂದ ಪವರ್‌ಹೌಸ್‌ವರೆಗೆ ನೀರು ಪೈಪಿನಲ್ಲಿ ಹೋಗುತ್ತದೆ. ಅಷ್ಟು ದೂರ ಹೊಳೆ ಬರೀ ಕಲ್ಲು. ಅದು ಎಷ್ಟು ದೂರ ಅನ್ನುವುದೇ ನೀವು ಕೇಳಬೇಕಾದ ಮೊದಲ ಪ್ರಶ್ನೆ. ಎರಡನೆಯದು, ಬೇಸಿಗೆಯಲ್ಲಿ ಎಷ್ಟು ನೀರು ಬಿಡುತ್ತೀರಿ? ಮೂರನೆಯದು, ಮಳೆಗಾಲದಲ್ಲಿ ಮೊಟ್ಟೆ ಇಡಲು ಮೇಲೆ ಹತ್ತುವ ಮೀನು ಒಡ್ಡು ದಾಟುವುದು ಹೇಗೆ? ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಹಾಕಿದವರಿಗೆ ಆ ದೇವರ ಮೀನುಗಳು ಎಷ್ಟು ದೊಡ್ಡವು ಅಂತ ಗೊತ್ತು. ಆ ಜಾತಿಯ ಮೀನಿಗೆ ಬೇಕಾದ್ದು ಹರಿಯುವ ನೀರು.

ಹರಿವು ಅಳೆಯಲು ಯಂತ್ರ ಬೇಡ, ಒಂದು ಕಿತ್ತಳೆ ಹಣ್ಣು ಸಾಕು. ಅದು ಅರ್ಧಕ್ಕಿಂತ ಜಾಸ್ತಿ ಮುಳುಗಿ ತೇಲುತ್ತದೆ, ಹಾಗಾಗಿ ಗಾಳಿ ಅದನ್ನು ಅಷ್ಟಾಗಿ ತಳ್ಳುವುದಿಲ್ಲ. ಹೊಳೆ ನೇರವಾಗಿ ಹರಿಯುವ ಕಡೆ ದಡದಲ್ಲಿ 10 ಮೀಟರ್ ಅಳೆದು ಎರಡು ಗೂಟ ನೆಡಿ. ಮೇಲಿನ ಗೂಟಕ್ಕಿಂತ ಸ್ವಲ್ಪ ಮೇಲೆ ಹಣ್ಣು ಬಿಟ್ಟು, ಗೂಟದಿಂದ ಗೂಟಕ್ಕೆ ಎಷ್ಟು ಸೆಕೆಂಡು ಅಂತ ನೋಡಿ. ಐದು ಸಲ ಮಾಡಿ ಸರಾಸರಿ ತೆಗೆಯಿರಿ. ಆಮೇಲೆ ಹೊಳೆಯ ಅಗಲ ಅಳೆಯಿರಿ, ಅಡ್ಡಕ್ಕೆ ಐದಾರು ಕಡೆ ಕೋಲು ಇಳಿಸಿ ಆಳ ನೋಡಿ.

20 ಸೆಕೆಂಡು ಬಂತು ಅಂದುಕೊಳ್ಳಿ. ವೇಗ ಸೆಕೆಂಡಿಗೆ ಅರ್ಧ ಮೀಟರ್. ಅಗಲ 4 ಮೀಟರ್, ಸರಾಸರಿ ಆಳ 30 ಸೆಂಟಿಮೀಟರ್ ಆದರೆ ಅಡ್ಡಳತೆ 1.2 ಚದರ ಮೀಟರ್. ಗುಣಿಸಿದರೆ ಸೆಕೆಂಡಿಗೆ 0.6 ಘನ ಮೀಟರ್, ಅಂದರೆ 600 ಲೀಟರ್. ಮೇಲಿನ ನೀರಿಗಿಂತ ತಳದ ನೀರು ನಿಧಾನ, ಅದಕ್ಕೆ 0.85ರಿಂದ ಗುಣಿಸಬೇಕು. ಸೆಕೆಂಡಿಗೆ ಸುಮಾರು 500 ಲೀಟರ್. ತಳದಲ್ಲಿ ಕಲ್ಲು ಜಾಸ್ತಿ ಇದ್ದರೆ ಇನ್ನೂ ಕಡಿಮೆ ಇರುತ್ತದೆ. ಇದನ್ನು ಜನವರಿಯಿಂದ ಮೇವರೆಗೆ ಹದಿನೈದು ದಿನಕ್ಕೊಮ್ಮೆ, ಅದೇ ಗೂಟದ ನಡುವೆ ಮಾಡಿ. ಮಳೆಗಾಲದ ಹೊಳೆಗೆ ಇಳಿಯಬೇಡಿ. ಯೋಜನೆಯ ವರದಿಯಲ್ಲಿ ಬೇಸಿಗೆಯ ಹರಿವು ಇಷ್ಟು ಅಂತ ಒಂದು ಅಂಕಿ ಇದ್ದೇ ಇರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಹೊಂದದಿದ್ದರೆ ಅದನ್ನೇ ಬರೆದು ಕೊಡಿ.

ಒಂದೊಂದೇ ಯೋಜನೆ ನೋಡಿದರೆ ಪ್ರತಿಯೊಂದೂ ಸಣ್ಣದು. ಒಂದೇ ಹೊಳೆಯ ಮೇಲೆ ಎಷ್ಟು ಒಡ್ಡು ಬಂದಿವೆ ಅಂತ ಎಣಿಸಿದಾಗ ಲೆಕ್ಕ ಬೇರೆಯೇ ಆಗುತ್ತದೆ. ಕರ್ನಾಟಕ ವಿದ್ಯುತ್ ನಿಗಮದ 200 ಮೆಗಾವ್ಯಾಟಿನ ಗುಂಡ್ಯ ಯೋಜನೆಗೆ ಅವಕಾಶ ಕೊಡಬಾರದು ಅಂತ 2011ರಲ್ಲಿ ಪಶ್ಚಿಮ ಘಟ್ಟ ಕುರಿತ ಮಾಧವ ಗಾಡ್ಗೀಳ್ ಸಮಿತಿ ಹೇಳಿತು. ಸಮಿತಿಯವರು ಜಾಗಕ್ಕೆ ಬಂದು ಜನರ ಮಾತೂ ಕೇಳಿದ್ದರು. ಒಂದು ಅಣೆಕಟ್ಟಿನ ಗೋಡೆಯನ್ನಷ್ಟೇ ನೋಡಿ ಬರೆದ ವರದಿ ಅಲ್ಲ ಅದು. ಸುತ್ತಲಿನ ಇಡೀ ಕಣಿವೆ ಅದರಲ್ಲಿದೆ.

ಗಾಳಿಯಂತ್ರ, ಸೋಲಾರ್ ಮತ್ತು "ಖಾಲಿ ಜಾಗ"

ನಮ್ಮ ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲೇ ಕಡೂರು, ಅಜ್ಜಂಪುರ, ಅರಸೀಕೆರೆ ಕಡೆ ಹೋದರೆ ಬೇರೆಯೇ ಲೋಕ. ಮಳೆ ಕಡಿಮೆ, ಬಯಲು, ಕುರುಚಲು, ಹುಲ್ಲು. ಪಹಣಿಯಲ್ಲಿ ಬಂಜರು, ಗೋಮಾಳ, ಕಾವಲು ಅಂತಿರುತ್ತದೆ. ನೋಡಿದವರು "ಏನೂ ಇಲ್ವಲ್ಲ ಇಲ್ಲಿ" ಅನ್ನುತ್ತಾರೆ. ಮಲೆನಾಡಿನವನಾದ ನಾನೂ ಹಾಗೇ ಅಂದುಕೊಂಡಿದ್ದೆ.

ಕಡೂರು ಬಳಿಯ ಬಾಸೂರು ಅಮೃತಮಹಲ್ ಕಾವಲು 7.36 ಚದರ ಕಿಲೋಮೀಟರ್ ಅಷ್ಟೇ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಬಿಟ್ಟ ಹುಲ್ಲುಗಾವಲುಗಳಲ್ಲಿ ಒಂದು. 2011ರಲ್ಲಿ ಅದನ್ನು ಸಂರಕ್ಷಣಾ ಮೀಸಲು ಪ್ರದೇಶ ಅಂತ ಘೋಷಿಸಿದರು. ಕೃಷ್ಣಮೃಗ, ತೋಳ, ಗುಳ್ಳೆನರಿ ಇರುವ ಜಾಗ. ಮರ ಇಲ್ಲದಿರುವುದೇ ಅಲ್ಲಿನ ಪ್ರಾಣಿಗೆ ಬೇಕಾದ್ದು. ದೂರದಿಂದ ಶತ್ರು ಕಾಣಬೇಕು, ಕಂಡರೆ ಓಡಲು ಬಯಲು ಬೇಕು.

ಇಂಥ ಕಡೆ ಸೋಲಾರ್ ಬಂದರೆ ಪ್ಯಾನೆಲ್‌ಗಿಂತ ಮೊದಲು ಬೇಲಿ ನೋಡಿ. ಕೃಷ್ಣಮೃಗ ನೀರಿಗೆ ಎಲ್ಲಿಗೆ ಹೋಗುತ್ತದೆ, ಬೇಲಿ ಆ ದಾರಿಗೆ ಅಡ್ಡ ಬರುತ್ತದಾ? ಕುರಿಗಾಹಿಗಳನ್ನು ಕೇಳಿ. ತೋಳದ ಗವಿ ಎಲ್ಲಿದೆ ಅಂತ ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಹೇಳಿಸುವುದು ಕಷ್ಟ, ಅದೂ ಗೊತ್ತಿರಲಿ. ಅವರ ಕುರಿ ತಿನ್ನುವ ಪ್ರಾಣಿ ಅದು.

ಗಾಳಿಯಂತ್ರಕ್ಕೆ ಬೇರೆ ಲೆಕ್ಕ. ಗುಡ್ಡದ ನೆತ್ತಿಯಲ್ಲಿ ಮೇಲೇಳುವ ಗಾಳಿ ಯಂತ್ರಕ್ಕೂ ಬೇಕು, ಹದ್ದು ಗಿಡುಗಕ್ಕೂ ಬೇಕು. ಜಗಳ ಅಲ್ಲೇ. ಬಿಸಿಲೇರಿ ಹಕ್ಕಿಗಳು ಸುತ್ತು ಹಾಕುತ್ತಾ ಮೇಲೇರುವ ಹೊತ್ತಿನಲ್ಲಿ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಎಣಿಸಿ. ಚಳಿಗಾಲದಲ್ಲಿ ವಲಸೆ ಬರುವ ಹ್ಯಾರಿಯರ್ ಗಿಡುಗಗಳು ಹುಲ್ಲಿನಲ್ಲೇ ರಾತ್ರಿ ಕಳೆಯುತ್ತವೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಸಂಜೆಯೂ ನೋಡಿ. ಮಹಾರಾಷ್ಟ್ರದ ಸಾತಾರಾ ಬಳಿಯ ಚಾಳ್ಕೇವಾಡಿ ಬಯಲಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಾಳಿಯಂತ್ರ ಇರುವ ಕಡೆ ಬೇಟೆ ಹಕ್ಕಿಗಳು ತುಂಬಾ ಕಡಿಮೆ, ಅವು ಹಿಡಿದು ತಿನ್ನುವ ಹಲ್ಲಿ ಜಾತಿಯವು ಜಾಸ್ತಿ ಅಂತ ಗೊತ್ತಾಯಿತು. ಹಕ್ಕಿ ಯಂತ್ರದ ರೆಕ್ಕೆಗೆ ಬಡಿದು ಸಾಯುವುದಷ್ಟೇ ಪರಿಣಾಮ ಅಲ್ಲ. ಅದು ಆ ಕಡೆ ಬರುವುದನ್ನೇ ಬಿಟ್ಟರೂ ಕೆಳಗಿನ ಲೋಕ ಬದಲಾಗುತ್ತದೆ.

ಆಗಲೇ ಯಂತ್ರ ತಿರುಗುತ್ತಿದ್ದರೆ ಅದರ ಸುತ್ತ ಸತ್ತ ಹಕ್ಕಿ, ಬಾವಲಿ ಹುಡುಕಿ. ಬೆಳಕು ಹರಿಯುತ್ತಿದ್ದ ಹಾಗೇ ಹೋಗಬೇಕು. ನಾಯಿ ನರಿ ಕಾಗೆ ನಮಗಿಂತ ಮೊದಲು ಎದ್ದಿರುತ್ತವೆ. ಸಿಗಲಿಲ್ಲ ಅಂದರೆ "ಇವತ್ತು ಸಿಗಲಿಲ್ಲ" ಅಂತಲೇ ಬರೆಯಿರಿ.

ರಸ್ತೆ, ಲೈನು

ಚಾರ್ಮಾಡಿ, ಶಿರಾಡಿ ರಸ್ತೆಗಳ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಎರಡು ಕಿಲೋಮೀಟರ್ ಆರಿಸಿಕೊಳ್ಳಿ. ವಾರಕ್ಕೊಂದು ಬೆಳಿಗ್ಗೆ ನಡೆಯಿರಿ. ಸತ್ತ ಹಾವು, ಕಪ್ಪೆ, ಕಬ್ಬೆಕ್ಕು, ಅಳಿಲು ಎಲ್ಲವನ್ನೂ ಬರೆದು, ಕಡ್ಡಿಯಿಂದ ಪಕ್ಕಕ್ಕೆ ಸರಿಸಿ. ಇಲ್ಲದಿದ್ದರೆ ಮುಂದಿನ ವಾರ ಅದನ್ನೇ ಮತ್ತೆ ಎಣಿಸುತ್ತೀರಿ. ಕೆಲವು ತಿಂಗಳಲ್ಲಿ ಒಂದೇ ತಿರುವಿನಲ್ಲಿ, ಒಂದೇ ಮೋರಿಯ ಹತ್ತಿರ ಸಾವು ಗುಂಪಾಗಿರುವುದು ಕಾಣುತ್ತದೆ. ಮೋರಿ ದೊಡ್ಡದು ಮಾಡಿ ಅಂತ ಕೇಳಬೇಕಾದ್ದು ಅಲ್ಲೇ. ರಸ್ತೆ ಮೇಲೆ ಎರಡು ಕಡೆಯ ಮರದ ಕೊಂಬೆ ಎಲ್ಲಿ ಸೇರಿವೆ ಅಂತಲೂ ಗುರುತು ಮಾಡಿ. ಸಿಂಗಳೀಕ, ಕೆಂದಳಿಲು ನೆಲಕ್ಕೆ ಇಳಿಯದೆ ದಾಟುವುದು ಆ ಸೇತುವೆಯ ಮೇಲೇ. ರಸ್ತೆ ಅಗಲ ಮಾಡುವಾಗ ಮೊದಲು ಹೋಗುವುದು ಆ ಕೊಂಬೆಗಳೇ.

ಜೋತುಬಿದ್ದ ಕರೆಂಟ್ ತಂತಿ ಆನೆಗೂ ಅಪಾಯ, ಅಳೆಯಲು ಹೋದ ನಿಮಗೂ ಅಪಾಯ. ಕೋಲು ಹಿಡಿದು ಹತ್ತಿರ ಹೋಗಬೇಡಿ. ಕಂಬದ ನಂಬರು, ದೂರದಿಂದ ಒಂದು ಫೋಟೋ, ತಾರೀಕು ಇಷ್ಟು ಸಾಕು. ಲಿಖಿತವಾಗಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ.

ವರದಿ ಕೈಗೆ ಬಂದ ಮೇಲೆ

ದಪ್ಪ ನೋಡಿ ಹೆದರಬೇಡಿ. ನೇರವಾಗಿ ಜೀವವೈವಿಧ್ಯದ ಅಧ್ಯಾಯಕ್ಕೆ ಹೋಗಿ. ಯಾವ ತಿಂಗಳು ಬಂದಿದ್ದರು? ಎಷ್ಟು ದಿನ ಇದ್ದರು? ರಾತ್ರಿ ನೋಡಿದ್ದಾರಾ? ಪಟ್ಟಿಯಲ್ಲಿರುವ ಪ್ರಾಣಿ ಕಣ್ಣಾರೆ ಕಂಡದ್ದಾ, ಯಾರೋ ಹೇಳಿದ್ದಾ, ಹಳೆ ಪುಸ್ತಕದಿಂದ ತೆಗೆದದ್ದಾ? ಸಾಮಾನ್ಯವಾಗಿ ಯೋಜನೆಯ ಸುತ್ತ 10 ಕಿಲೋಮೀಟರ್ ಅಧ್ಯಯನ ಮಾಡಿರಬೇಕು. ನಕ್ಷೆಯಲ್ಲಿ ಅವರು ನಿಂತ ಜಾಗಗಳನ್ನು ನೋಡಿ. ಎಲ್ಲವೂ ಡಾಂಬರು ರಸ್ತೆ ಪಕ್ಕದಲ್ಲೇ ಇದ್ದರೆ ಅರ್ಥ ಆಯ್ತಲ್ಲ.

ಆಮೇಲೆ ನಮ್ಮಲ್ಲಿ ಇಲ್ಲವೇ ಇಲ್ಲದ ಪ್ರಾಣಿ, ಮರ ಪಟ್ಟಿಯಲ್ಲಿದೆಯಾ ಹುಡುಕಿ. ತಮಾಷೆಗೆ ಹೇಳುತ್ತಿಲ್ಲ. ಮಹಾರಾಷ್ಟ್ರದ ರತ್ನಗಿರಿಯ ಒಂದು ಬಾಕ್ಸೈಟ್ ಗಣಿ ವರದಿಯಲ್ಲಿ ರಷ್ಯಾದ ಗಣಿಯ ವರದಿಯಿಂದ ನಕಲು ಮಾಡಿದ ಭಾಗಗಳು ಸಿಕ್ಕಿದ್ದವು.

ಪರಿಹಾರ ಕ್ರಮ ಅನ್ನುವ ಅಧ್ಯಾಯದಲ್ಲಿ "ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಅಂತ ಇದ್ದ ಕಡೆಯೆಲ್ಲ ಕೆಂಪು ಗೆರೆ ಎಳೆಯಿರಿ. ಯಾರು, ಯಾವಾಗ, ಎಲ್ಲಿ, ಎಷ್ಟು ಖರ್ಚಿನಲ್ಲಿ? ಈ ನಾಲ್ಕಕ್ಕೆ ಉತ್ತರ ಇಲ್ಲದ ಸಾಲು ಬರೀ ಸಾಲು.

ಅಹವಾಲು ಸಭೆ

ಪರಿಸರ ಅನುಮತಿ ಬೇಕಾದ ಹಲವು ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ನಡೆಸುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಅಧ್ಯಕ್ಷತೆ ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆ ಇಲ್ಲದವರು. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ನೋಟಿಸ್ ಬರಬೇಕು. ಕರಡು ವರದಿ ಡಿಸಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ನೋಡಲು ಸಿಗಬೇಕು. ಸಾರಾಂಶ ಕನ್ನಡದಲ್ಲೂ ಇರಬೇಕು. ಸಭೆಯ ವಿಡಿಯೋ ಆಗಬೇಕು, ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು.

ನಾನು ಹೋದ ಮೊದಲ ಸಭೆಯಲ್ಲಿ ಹತ್ತು ನಿಮಿಷ ಕೂಗಾಡಿದೆ. ಜನ ಚಪ್ಪಾಳೆ ತಟ್ಟಿದರು. ನಡಾವಳಿ ತರಿಸಿ ನೋಡಿದರೆ ನನ್ನ ಮಾತು ಒಂದೇ ಸಾಲಾಗಿತ್ತು: ಸ್ಥಳೀಯರೊಬ್ಬರು ಪರಿಸರದ ಬಗ್ಗೆ ಕಳವಳ ವ್ಯಕ್ತಪಡಿಸಿದರು. ಅದೇ ಸಭೆಯಲ್ಲಿ ನಿವೃತ್ತ ಮೇಷ್ಟ್ರು ಒಬ್ಬರು ಎದ್ದು ಮೂರೇ ಮಾತು ಹೇಳಿದರು. ಇಂಥ ಪುಟದಲ್ಲಿ ಹಳ್ಳ ವರ್ಷಪೂರ್ತಿ ಬತ್ತಿರುತ್ತದೆ ಅಂತಿದೆ, ಇದು ಸೆಪ್ಟೆಂಬರ್ ತಿಂಗಳ ಫೋಟೋ, ಇದನ್ನು ನಡಾವಳಿಗೆ ಸೇರಿಸಿ. ಕಾಗದ ಕೊಟ್ಟು ಸೀಲು ಹಾಕಿಸಿಕೊಂಡು ಕೂತರು. ಅವರ ಮಾತು ಪೂರ್ತಿ ದಾಖಲಾಯಿತು. ಕಂಪನಿಯವರು ಅದಕ್ಕೆ ಉತ್ತರವನ್ನೂ ಕೊಡಬೇಕಾಯಿತು.

ಅಂದಿನಿಂದ ನಾನು ಬರೆದೇ ಕೊಡುತ್ತೇನೆ. ಎರಡು ಪುಟ ಮೀರದ ಹಾಗೆ. ವರದಿಯ ಪುಟ ಸಂಖ್ಯೆ, ನಮ್ಮ ದಾಖಲೆ, ನಾವು ಕೇಳುವ ಬದಲಾವಣೆ. ಸಭೆಗೆ ಹೋಗಲಾಗದವರು ಮೊದಲೇ ಮಂಡಳಿಗೆ ಬರೆದು ಕಳಿಸಬಹುದು.

ಉತ್ಪ್ರೇಕ್ಷೆ ಮಾತ್ರ ಬೇಡ. ಹುಲಿ ಇಲ್ಲದ ಕಡೆ ಹುಲಿ ಇದೆ ಅಂದರೆ, ನಿಜವಾಗಿ ಇರುವ ನೀರುನಾಯಿಯನ್ನೂ ಯಾರೂ ನಂಬುವುದಿಲ್ಲ. ಯೋಜನೆಯೇ ಬೇಡ ಅನ್ನುವುದು ಒಂದು ನಿಲುವು. ಕೆಲವು ಕಡೆ ಅದೇ ಸರಿ. ಆದರೆ ಕರೆಂಟು ನನಗೂ ಬೇಕು, ಪಂಪ್‌ಸೆಟ್ಟು ನನ್ನದೂ ಇದೆ. ಕಂಬದ ದಾರಿ 300 ಮೀಟರ್ ಸರಿಸಿ, ರಾತ್ರಿ ಲಾರಿ ನಿಲ್ಲಿಸಿ, ಏಪ್ರಿಲ್‌ನಲ್ಲಿ ಇಷ್ಟು ನೀರು ಬಿಡಿ ಅನ್ನುವ ಮಾತಿಗೂ ಜಾಗ ಇರಲಿ.

ಅನುಮತಿ ಸಿಕ್ಕಿಬಿಟ್ಟರೆ

ಪರಿಸರ ಅನುಮತಿಯನ್ನು ಪ್ರಶ್ನಿಸಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ 30 ದಿನದೊಳಗೆ ಹೋಗಬೇಕು. ಸರಿಯಾದ ಕಾರಣ ಇದ್ದರೆ ಇನ್ನೂ 60 ದಿನದವರೆಗೆ ಅವಕಾಶ ಕೊಡಬಹುದು, ಅದಕ್ಕಿಂತ ಆಚೆ ಇಲ್ಲ. ನಮಗೆ ಸಂಬಂಧಿಸಿದ ಪೀಠ ಚೆನ್ನೈನಲ್ಲಿದೆ.

ಅನುಮತಿ ಪತ್ರದಲ್ಲಿ ಷರತ್ತುಗಳ ಪಟ್ಟಿ ಇರುತ್ತದೆ. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ. ಅವನ್ನು ಪಾಲಿಸಿದ್ದೇವೆ ಅಂತ ಯೋಜನೆಯವರು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ವರದಿ ಕೊಡಬೇಕು. ಅದು ಸಾರ್ವಜನಿಕ ದಾಖಲೆ. ತರಿಸಿ, ನಿಮ್ಮ ನೋಟ್‌ಬುಕ್ ಜೊತೆ ಹೋಲಿಸಿ. ಕುದುರೆಮುಖದಲ್ಲಿ ಗಣಿ ನಿಲ್ಲಿಸಲು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. 2005ರ ಕೊನೆಗೆ ಅಗೆತ ನಿಂತಿತು. ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದ ಗಣಿಯ ಹೂಳು ಇನ್ನೂ ಅಲ್ಲೇ ಇದೆ. ಯೋಜನೆ ಮುಗಿದರೂ ಅಳತೆ ಮುಗಿಯುವುದಿಲ್ಲ.

ನಮ್ಮ ಹಳ್ಳದ ಪಕ್ಕ ಎರಡು ಗೂಟ ಇನ್ನೂ ಇವೆ. ಒಂದು ಕಳೆದ ಮಳೆಯಲ್ಲಿ ವಾಲಿತ್ತು. ಜಗಲಿಯಲ್ಲಿ "ಹಂದಿ ಕಾಟ" ಅಂದಿದ್ದ ಹಿರಿಯರೇ ಅದನ್ನು ನೆಟ್ಟಗೆ ಮಾಡಿದರು. ಈಗ ಅವರ ಹತ್ತಿರವೂ ಒಂದು ನೋಟ್‌ಬುಕ್ ಇದೆ. ಮೊನ್ನೆ ತೆಗೆದು ನೋಡಿದೆ. "ರಾತ್ರಿ 8.15. ಕೊಟ್ಟಿಗೆ ಹಿಂದೆ. ಮಳೆ. ಟಾರ್ಚ್ ಬಿಟ್ಟೆ. ಕಾಡುಪಾಪ ಒಂದು. ಕಣ್ಣು ಕಂಡಿತು, ಮೈ ಸರಿಯಾಗಿ ಕಾಣಲಿಲ್ಲ" ಅಂತ ಬರೆದಿದ್ದರು. ಕೆಳಗೆ ಬೇರೆ ಶಾಯಿಯಲ್ಲಿ, ಮಾರನೇ ದಿನದ ತಾರೀಕು ಹಾಕಿ: "ಮತ್ತೆ ಬಂದಿತ್ತು. ಮೈಯೂ ಕಂಡಿತು."